ಮೊಲದ ಮಾಂಸದ ಪ್ಯಾಕೆಟ್ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ಮುಂದಿನ ತಿಂಗಳಿಂದ ನಮ್ಮ ಸಂಘದಲ್ಲಿ ಮೊಲದ ಮಾಂಸ ಸಿಗುವ ರೀತಿ ಬದಲಾಗುತ್ತದೆ. ಇಡೀ ಮೊಲವನ್ನು ತಲೆಸಮೇತ ಕೊಡುವುದು ನಿಲ್ಲುತ್ತದೆ. ಎಳೆಯದು, ಬಲಿತದ್ದು ಅಂತ ಎರಡು ಬೇರೆ ಪ್ಯಾಕೆಟ್ ಬರುತ್ತವೆ. ಎದುರಿನ ಗಾಜಿನ ಪೆಟ್ಟಿಗೆಯಲ್ಲಿ ಇನ್ನು ಇಡುವುದಿಲ್ಲ, ಮೊದಲೇ ಹೇಳಿದವರಿಗೆ ಮಾತ್ರ ತೆಗೆದಿಡುತ್ತೇವೆ. ಯಾಕೆ ಅಂತ ಕೇಳುವವರು ಇದ್ದೇ ಇರುತ್ತಾರೆ, ಅದಕ್ಕೇ ಈ ಪತ್ರ.

ಮೊದಲು ವಯಸ್ಸಿನ ವಿಷಯ. ಅಡುಗೆ ಬಗ್ಗೆ ನಮಗೆ ಬರುವ ದೂರು ಎರಡೇ ಬಗೆ. ‘ರಬ್ಬರ್ ಥರ ಇದೆ, ಅಗಿಯೋಕೇ ಆಗಲ್ಲ’ ಅನ್ನುವುದು ಒಂದು. ‘ಒಣಗಿ ನಾರುನಾರಾಯಿತು’ ಅನ್ನುವುದು ಇನ್ನೊಂದು. ಎಷ್ಟೋ ಸಲ ಎರಡಕ್ಕೂ ಕಾರಣ ಒಂದೇ: ಮಾಂಸದ ವಯಸ್ಸಿಗೂ ಒಲೆಯ ಉರಿಗೂ ತಾಳೆಯಾಗಿರುವುದಿಲ್ಲ. ಮೂರು ತಿಂಗಳೊಳಗಿನ ಮೊಲದ ಮಾಂಸ ತಿಳಿ ಗುಲಾಬಿ ಬಣ್ಣದ್ದು, ಮೃದು. ಅದನ್ನು ಹುರಿಯಬಹುದು, ಕೆಂಡದ ಮೇಲೂ ಸುಡಬಹುದು. ಆದರೆ ಹಸಿ ಮಾಂಸದ 100 ಗ್ರಾಂನಲ್ಲಿ ಕೊಬ್ಬು ಸುಮಾರು 5-6 ಗ್ರಾಂ ಅಷ್ಟೇ, ಪ್ರೋಟೀನ್ 20 ಗ್ರಾಂನಷ್ಟು. ಕೊಬ್ಬು ಇಷ್ಟು ಕಡಿಮೆ ಇರುವ ಮಾಂಸ ಸ್ವಲ್ಪ ಹೊತ್ತು ಜಾಸ್ತಿಯಾದರೂ ಒಣಗಿಬಿಡುತ್ತದೆ. ಅದಕ್ಕೆ ಎಣ್ಣೆಯನ್ನೋ ಬೆಣ್ಣೆಯನ್ನೋ ನೀವೇ ಸೇರಿಸಬೇಕು. ಒಳಗೆ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಬೆಂದಿದೆ ಅಂತ ಲೆಕ್ಕ. ಥರ್ಮಾಮೀಟರ್ ಇಲ್ಲದಿದ್ದರೆ ತೊಡೆಯ ದಪ್ಪ ಭಾಗಕ್ಕೆ ಚುಚ್ಚಿ ನೋಡಿ, ಒಳಗೆ ಹಸಿ ಇರಬಾರದು.

ಬಲಿತದ್ದು ಬೇರೆಯೇ ದಾರಿ. ಮರಿ ಹಾಕಿ ಹಾಕಿ ಹಳೆಯದಾದ ಹೆಣ್ಣುಗಳು, ವರ್ಷ ದಾಟಿದ ಗಂಡುಗಳು ಈ ಪ್ಯಾಕೆಟ್‌ನಲ್ಲಿ ಇರುತ್ತವೆ. ಇದನ್ನು ಹುರಿಯಲು ಹೋದರೆ ಸೋಲು ಖಾತ್ರಿ. ಮುಚ್ಚಳ ಮುಚ್ಚಿ, ಸಣ್ಣ ಉರಿಯಲ್ಲಿ, ಸಾರಿನ ಮೇಲೆ ಒಂದೆರಡು ಗುಳ್ಳೆ ಏಳುವಷ್ಟೇ ಬಿಸಿಯಲ್ಲಿ ಒಂದೂವರೆ ಎರಡು ಗಂಟೆ ಬಿಡಿ. ಆಗ ಮಾಂಸ ಮೂಳೆಯಿಂದ ತಾನೇ ಬಿಡುತ್ತದೆ. ನಮ್ಮನ್ನು ಕೇಳಿದರೆ ರುಚಿ ಇದರಲ್ಲೇ ಜಾಸ್ತಿ. ತಾಳ್ಮೆ ಇಲ್ಲದವರು ಎಳೆಯದನ್ನೇ ತೆಗೆದುಕೊಳ್ಳಿ. ಯಾವ ಪ್ಯಾಕೆಟ್ಟಿಗೆ ಯಾವ ಅಡುಗೆ ಅಂತ ಮೇಲೆಯೇ ಅಚ್ಚು ಹಾಕಿಸುತ್ತೇವೆ.

ಕತ್ತರಿಸುವ ರೀತಿಯೂ ಬದಲಾಗುತ್ತದೆ. ಮೊಲದ ಮೂಳೆ ತೆಳು. ಮಚ್ಚಿನಿಂದ ಕೊಚ್ಚಿದರೆ ಸಿಗಿದು ಚೂಪು ಚೂರುಗಳಾಗಿ ಸಾರಿನಲ್ಲಿ ಸೇರಿಕೊಳ್ಳುತ್ತವೆ, ಮಕ್ಕಳ ಬಾಯಿಗೆ ಅಪಾಯ. ಇನ್ನು ಮುಂದೆ ಕೀಲಿನಲ್ಲೇ ಬಿಡಿಸಿ ಕೊಡುತ್ತೇವೆ. ಮುಂಗಾಲಿಗೆ ಅದೂ ಬೇಡ, ಅದು ಮೈಗೆ ಅಂಟಿಕೊಂಡಿರುವುದು ಮಾಂಸಖಂಡದಿಂದ. ಹೆಗಲ ಮೂಳೆಯ ಹಿಂದೆ ಚಾಕು ಜಾರಿಸಿದರೆ ಸಲೀಸಾಗಿ ಕೈಗೆ ಬರುತ್ತದೆ. ಬೆನ್ನಿನ ತುಂಡಿನ ಮೇಲೆ ಬೆಳ್ಳಗೆ ಹೊಳೆಯುವ ಪೊರೆ ಇರುತ್ತದೆ. ಅದನ್ನೂ ತೆಗೆದೇ ಕೊಡುತ್ತೇವೆ, ಇಲ್ಲದಿದ್ದರೆ ಬಿಸಿಗೆ ಮುದುಡಿ ತುಂಡನ್ನು ಸೊಟ್ಟ ಮಾಡುತ್ತದೆ.

ತಲೆ ಯಾಕೆ ಇಡುತ್ತಿದ್ದಿರಿ ಅಂತ ತುಂಬಾ ಜನ ಕೇಳಿದ್ದಾರೆ. ಅದು ಹಳೆಯ ನಂಬಿಕೆಯ ಗುರುತು. ಚರ್ಮ ಸುಲಿದ ಮೇಲೆ ಬೆಕ್ಕಿಗೂ ಮೊಲಕ್ಕೂ ಮೈಕಟ್ಟಿನಲ್ಲಿ ಹೋಲಿಕೆ ಇದೆ. ಯುದ್ಧದ ಬರಗಾಲದಲ್ಲಿ ಯುರೋಪಿನಲ್ಲಿ ಬೆಕ್ಕನ್ನು ಮೊಲ ಅಂತ ಮಾರಿದ್ದುಂಟು. ಅದಕ್ಕೇ ತಲೆ ನೋಡಿ ಕೊಳ್ಳುವವರು ಈಗಲೂ ಇದ್ದಾರೆ. ಅಂಥವರು ಮೊದಲೇ ಹೇಳಿ, ನಿಮ್ಮದನ್ನು ಹಾಗೇ ಇಡುತ್ತೇವೆ. ಉಳಿದವರಿಗೆ ಪ್ಯಾಕೆಟ್ ಬಿಚ್ಚಿದ ಕೂಡಲೇ ಎರಡು ಕಣ್ಣು ಕಾಣುವುದು ಬೇಡ ಅಲ್ವಾ.

ಇನ್ನು ಗಾಜಿನ ಪೆಟ್ಟಿಗೆಯ ವಿಷಯ. ಮನೆಯಲ್ಲಿ ಮೊಲ ಸಾಕಿದವರು ಹಾಲು, ಮೊಟ್ಟೆ ತೆಗೆದುಕೊಳ್ಳಲು ನಮ್ಮಲ್ಲಿಗೇ ಬರುತ್ತಾರೆ. ‘ಮಗು ನೋಡಿ ಅತ್ತಿತು’ ಅಂತ ಒಬ್ಬ ತಾಯಿ ಬರೆದರು. ‘ಕೋಳಿ ನೋಡಿ ಯಾರೂ ಅಳಲ್ಲ’ ಅಂತ ಇನ್ನೊಬ್ಬ ಗ್ರಾಹಕರು ವಾದ ಮಾಡಿದರು. ಇಬ್ಬರ ಮಾತಿನಲ್ಲೂ ಹುರುಳಿದೆ, ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಮಾಲ್ಟಾದಲ್ಲಿ ಮೊಲ ಹಬ್ಬದೂಟ. ಇಟಲಿ, ಸ್ಪೇನ್, ಫ್ರಾನ್ಸ್‌ನಲ್ಲಿ ಅದು ಅಡುಗೆಮನೆಗೆ ಹೊಸದೇನಲ್ಲ. ಬ್ರಿಟನ್‌ನಲ್ಲೂ ಬಡವರ ಮನೆಯ ಮಾಮೂಲಿ ಊಟವಾಗಿತ್ತು. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬಂದು ಕಾಡುಮೊಲಗಳು ರಾಶಿರಾಶಿ ಸತ್ತವು. ಮನುಷ್ಯರಿಗೆ ಅಂಟುವ ರೋಗವಲ್ಲ. ಆದರೂ ಕಣ್ಣು ಊದಿಕೊಂಡು ಕುಂಟುವ ಮೊಲಗಳನ್ನು ನೋಡಿದವರಿಗೆ ಅದು ಮತ್ತೆ ಬಾಯಿಗೆ ಸೇರಲಿಲ್ಲ. ವಾದ ಮಾಡಿ ಯಾರನ್ನೂ ಒಪ್ಪಿಸುವ ವಿಷಯ ಇದಲ್ಲ. ಬೇಕಾದವರು ಕೇಳಿ ಪಡೆಯಲಿ, ಬೇಡದವರ ಕಣ್ಣಿಗೆ ಬೀಳದಿರಲಿ.

ಹಾಗಂತ ಮುಚ್ಚಿಡುವುದೂ ಇಲ್ಲ. ಬೇರೆ ಯಾವುದಾದರೂ ಹೆಸರಿಟ್ಟು ಮಾರಿ, ಜಾಸ್ತಿ ಹೋಗುತ್ತದೆ ಅಂತ ಸಲಹೆ ಕೊಟ್ಟವರಿದ್ದಾರೆ. ಅದು ಆಗುವ ಮಾತಲ್ಲ. ಯೆಹೂದಿಗಳ ಆಹಾರ ನಿಯಮದಲ್ಲಿ ಮೊಲ ನಿಷಿದ್ಧ. ಮುಸ್ಲಿಮರಲ್ಲಿ ಸುನ್ನಿಗಳಿಗೆ ಅಡ್ಡಿಯಿಲ್ಲ, ಶಿಯಾ ಪಂಥದಲ್ಲಿ ಕೂಡದು. ನಿಯಮ ಏನೂ ಇಲ್ಲದವರಿಗೂ ತಾವು ತಿನ್ನುವುದು ಏನು ಅಂತ ಗೊತ್ತಿರಬೇಕು. ನೀವೂ ಅಷ್ಟೇ, ನೆಂಟರಿಗೆ ಬಡಿಸುವ ಮೊದಲು ಹೇಳಿಬಿಡಿ. ಊಟ ಮುಗಿದ ಮೇಲೆ ‘ಅದು ಕೋಳಿ ಅಲ್ಲ’ ಅಂತ ನಗುವುದು ತಮಾಷೆಯಲ್ಲ. ಪ್ಯಾಕೆಟ್ ಮೇಲೆ ‘ಮೊಲದ ಮಾಂಸ’ ಅಂತ ದಪ್ಪ ಅಕ್ಷರದಲ್ಲೇ ಇರುತ್ತದೆ. ಕ್ಯಾರೆಟ್ ಹಿಡಿದು ನಗುವ ಮೊಲದ ಚಿತ್ರ ಮಾತ್ರ ಹೋಗುತ್ತದೆ.

ಕಾಡುಮೊಲ ಸಿಗುತ್ತದೆಯೇ ಅಂತ ಆಗಾಗ ಕೇಳುತ್ತಾರೆ. ಇಲ್ಲ, ಸದಸ್ಯರು ಸಾಕಿದ್ದು ಮಾತ್ರ. ಕಾಡಿನದನ್ನು ಸುಲಿಯುವಾಗ ತುಲರೀಮಿಯಾದಂಥ ರೋಗ ಕೈಗೆ ಅಂಟಬಹುದು. ಆ ಉಸಾಬರಿ ನಮಗೆ ಬೇಡ.

ಮಾಂಸ ಬೇಕಾದವರು ಎರಡು ದಿನ ಮೊದಲು ಕೌಂಟರಿನಲ್ಲಿ ಹೇಳಿ ಅಥವಾ ಫೋನ್ ಮಾಡಿ. ಎಳೆಯದೋ ಬಲಿತದ್ದೋ ಅಂತ ಮರೆಯದೆ ಹೇಳಿ. ಲಿವರ್, ಕಿಡ್ನಿಯನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿರುತ್ತೇವೆ. ಬೇಡದಿದ್ದರೆ ಆಗಲೇ ತಿಳಿಸಿ, ಅದನ್ನು ಕೇಳುವವರು ಬೇರೆ ಇದ್ದಾರೆ.

ಇಂತಿ,
ಸಂಘದ ಮಾರಾಟ ವಿಭಾಗ