ಅಕ್ಕ, ಮೊದಲು ಮಕ್ಕಳ ಕೈಗೊಂದು ಮೀಟರ್ ಕೊಡು

ಹ್ಯಾಂಬರ್ಗ್, ಜರ್ಮನಿ

ಪ್ರೀತಿಯ ಅಕ್ಕನಿಗೆ ನಮಸ್ಕಾರಗಳು.

ನಾನಿಲ್ಲಿ ಆರಾಮಾಗಿದ್ದೇನೆ. ಅಪ್ಪ, ಅಮ್ಮ, ಭಾವ, ಮಕ್ಕಳು ಎಲ್ಲರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ.

ಏಳನೇ ತರಗತಿಯವರಿಗೆ ವಿದ್ಯುತ್ ಉಳಿತಾಯ, ಹವಾಮಾನ ಬದಲಾವಣೆ ಎರಡನ್ನೂ ಪಾಠ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಅಂತ ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಇಲ್ಲಿ ವಿಜ್ಞಾನ ಪಾಠ ಮಾಡುತ್ತಾ ನಾನೇ ಕಂಡುಕೊಂಡಿದ್ದು ಇದು.

ಹಿಮಕರಡಿಯಿಂದ ಶುರು ಮಾಡಲೇಬೇಡ. ಕರಗುವ ಹಿಮ, ಮುಳುಗುವ ಊರು, ಉರಿಯುವ ಕಾಡು, ಇವನ್ನೆಲ್ಲ ಮೊದಲ ದಿನವೇ ತೋರಿಸಿದರೆ ಮಕ್ಕಳು ಹೆದರುತ್ತಾರೆ. ಹೆದರಿದ ಮಗು ಪ್ರಶ್ನೆ ಕೇಳುವುದಿಲ್ಲ. ಘೋಷಣೆ ಬರೆಸಿ ಗೋಡೆಗೆ ಅಂಟಿಸುವುದೂ ಅಷ್ಟೇ. ಬಣ್ಣ ಚೆಂದ ಹಚ್ಚುತ್ತಾರೆ, ಆದರೆ ಯಾವುದಕ್ಕೆ ಎಷ್ಟು ಕರೆಂಟು ಹೋಗುತ್ತದೆ ಅಂತ ಕೇಳಿದರೆ ಸುಮ್ಮನಾಗುತ್ತಾರೆ.

ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ಮೀಟರ್ ಬರುತ್ತದೆ. ಅದಕ್ಕೆ ಏನನ್ನಾದರೂ ಜೋಡಿಸಿದರೆ ಎಷ್ಟು ವ್ಯಾಟ್ ಎಳೆಯುತ್ತಿದೆ ಅಂತ ತೋರಿಸುತ್ತದೆ. ನಾನು ಮೊದಲು ಮಕ್ಕಳಿಂದ ಊಹೆ ಬರೆಸುತ್ತೇನೆ. ಮೊಬೈಲ್ ಚಾರ್ಜರ್ರೇ ಜಾಸ್ತಿ ಕರೆಂಟು ತಿನ್ನುತ್ತದೆ ಅಂತ ಮುಕ್ಕಾಲು ಮಂದಿ ಬರೆಯುತ್ತಾರೆ. ಮನೆಯಲ್ಲಿ ಬೈಸಿಕೊಳ್ಳುವುದು ಅದಕ್ಕೇ ಅಲ್ವಾ! ಫೋನಿಲ್ಲದೆ ಬರೀ ಚಾರ್ಜರ್ ಹಾಕಿದರೆ ಮೀಟರ್ ಸೊನ್ನೆ ಬಿಟ್ಟು ಅಲುಗುವುದೇ ಇಲ್ಲ. ಆಮೇಲೆ ನೀರು ಕಾಯಿಸುವ ಕೆಟಲ್ ಹಾಕುತ್ತೇನೆ. ಸ್ವಿಚ್ ಒತ್ತಿದ ಕೂಡಲೇ 2000ದ ಹತ್ತಿರ. ಇಡೀ ತರಗತಿ ಒಂದೇ ಸಲ ಮೇಜಿನ ಸುತ್ತ ಮುತ್ತಿಕೊಳ್ಳುತ್ತದೆ.

ಲೆಕ್ಕವನ್ನು ಅಲ್ಲೇ ಬೋರ್ಡಿನ ಮೇಲೆ ಮಾಡಿಸು. 1000 ವ್ಯಾಟಿನ ಸಾಮಾನು ಒಂದು ಗಂಟೆ ಓಡಿದರೆ ಒಂದು ಯೂನಿಟ್. ಒಂದು ಲೀಟರ್ ನೀರು ಕುದಿಯಲು ಸುಮಾರು 0.1 ಯೂನಿಟ್ ಬೇಕು. ಅಷ್ಟರಲ್ಲಿ ಒಂದು ಸ್ಮಾರ್ಟ್‌ಫೋನನ್ನು ಹೆಚ್ಚುಕಡಿಮೆ ಐದು ಸಲ ಪೂರ್ತಿ ಚಾರ್ಜ್ ಮಾಡಬಹುದು. ಇದನ್ನು ನೋಡಿ ಒಬ್ಬಳು ಹುಡುಗಿ ಕೇಳಿದಳು: 'ಎರಡು ಲೋಟ ಬೇಕಿದ್ದಾಗ ಕೆಟಲ್ ತುಂಬಾ ಯಾಕೆ ಕಾಯಿಸ್ತಾರೆ?' ನಾನು ಹೇಳಿಕೊಡಬೇಕಿದ್ದ ಪಾಠವನ್ನು ಅವಳೇ ಹೇಳಿಬಿಟ್ಟಿದ್ದಳು. ನನಗೆ ಎಷ್ಟು ಖುಷಿಯಾಯಿತು ಗೊತ್ತಾ!

ಬಿಸಿ ಮಾಡುವುದು, ತಣ್ಣಗೆ ಮಾಡುವುದು, ವಾಹನದಲ್ಲಿ ಓಡಾಡುವುದು. ಶಕ್ತಿ ಜಾಸ್ತಿ ಖರ್ಚಾಗುವುದು ಈ ಮೂರಕ್ಕೆ. ಮಕ್ಕಳಿಗೆ ಇದು ಮನದಟ್ಟಾಗಲೇಬೇಕು. ಲೈಟ್ ಆರಿಸುವುದು ಒಳ್ಳೆಯ ಅಭ್ಯಾಸವೇ. ಆದರೆ 60 ವ್ಯಾಟಿನ ಹಳೇ ಬಲ್ಬಿನ ಜಾಗಕ್ಕೆ 9 ವ್ಯಾಟಿನ ಎಲ್‌ಇಡಿ ಬಂದ ಮೇಲೆ ಅಲ್ಲಿ ಉಳಿಸಲು ಹೆಚ್ಚೇನೂ ಉಳಿದಿಲ್ಲ. ಹೀಟರನ್ನು ಒಂದು ಡಿಗ್ರಿ ಇಳಿಸಿದರೆ, ಎಸಿಯನ್ನು ಒಂದು ಡಿಗ್ರಿ ಏರಿಸಿದರೆ, ಅದರ ಖರ್ಚಿನಲ್ಲಿ ಸುಮಾರು ಶೇ 6 ಉಳಿಯುತ್ತದೆ ಅಂತ ಲೆಕ್ಕ.

ಈ ಊರಿನ ಒಂದು ಯೋಜನೆಯ ಬಗ್ಗೆ ಹೇಳಲೇಬೇಕು. 1994ರಲ್ಲಿ ಶುರುವಾಗಿದ್ದು, ಹೆಸರು 'ಫಿಫ್ಟಿ ಫಿಫ್ಟಿ'. ಶಾಲೆ ಕರೆಂಟು, ನೀರು, ಬಿಸಿ ಮಾಡುವ ಖರ್ಚಿನಲ್ಲಿ ಎಷ್ಟು ಉಳಿಸುತ್ತದೋ ಅದರ ಅರ್ಧ ಹಣ ಶಾಲೆಗೇ ವಾಪಸ್ ಬರುತ್ತಿತ್ತು. ಇಂಥ ಕಡೆ ಮಕ್ಕಳೇ ಥರ್ಮಾಮೀಟರ್ ಹಿಡಿದು ಕೋಣೆ ಕೋಣೆ ಸುತ್ತುತ್ತಾರೆ, ಹೀಟರ್ ಉರಿಯುತ್ತಿರುವಾಗ ಕಿಟಕಿ ತೆರೆದಿದೆಯಾ ಅಂತ ನೋಡಿ ಬರೆದುಕೊಳ್ಳುತ್ತಾರೆ. ಉಳಿಸಿದ್ದು ಕಣ್ಣಿಗೆ ಕಾಣುತ್ತದೆ, ಕೈಗೂ ಸಿಗುತ್ತದೆ. ನಿಮ್ಮ ಮುಖ್ಯೋಪಾಧ್ಯಾಯರನ್ನು ಒಮ್ಮೆ ಕೇಳಿ ನೋಡು, ಪೂರ್ತಿ ಅಲ್ಲದಿದ್ದರೂ ಚೂರಾದರೂ ಒಪ್ಪಬಹುದು.

ಹವಾಮಾನಕ್ಕೆ ಇದಾದ ಮೇಲೆ ಬಾ. ಕಲ್ಲಿದ್ದಲು ಸುಟ್ಟು ಒಂದು ಯೂನಿಟ್ ಕರೆಂಟು ತೆಗೆದರೆ ಸುಮಾರು ಒಂದು ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಸುಟ್ಟ ಕಲ್ಲಿದ್ದಲಿನ ತೂಕ ಅದಕ್ಕಿಂತ ಕಡಿಮೆ. ಸುಟ್ಟಿದ್ದಕ್ಕಿಂತ ಅದರಿಂದ ಬಂದ ಅನಿಲವೇ ಜಾಸ್ತಿ ತೂಗುವುದು ಹೇಗೆ ಅಂತ ಮಕ್ಕಳು ಕೇಳೇ ಕೇಳುತ್ತಾರೆ. ಗಾಳಿಯ ಆಮ್ಲಜನಕ ಬಂದು ಕೂಡಿಕೊಳ್ಳುತ್ತದೆ. 12 ಗ್ರಾಂ ಇಂಗಾಲ ಸುಟ್ಟರೆ 44 ಗ್ರಾಂ ಅನಿಲ. ಈ ಅನಿಲ ಬಿಸಿಲನ್ನು ಒಳಗೆ ಬಿಡುತ್ತದೆ, ನೆಲದಿಂದ ಮೇಲೇಳುವ ಶಾಖವನ್ನು ಮಾತ್ರ ತಡೆದು ಹಿಡಿಯುತ್ತದೆ.

ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಅನ್ನುವ ವಿಜ್ಞಾನಿ 1958ರಲ್ಲಿ ಗಾಳಿಯಲ್ಲಿರುವ ಈ ಅನಿಲವನ್ನು ಅಳೆಯಲು ಶುರು ಮಾಡಿದರು. ಆಗ ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಸುಮಾರು 315 ಇಂಗಾಲದ ಡೈಆಕ್ಸೈಡ್. ಈಗ 420 ದಾಟಿದೆ. ಕಾರ್ಖಾನೆಗಳ ಕಾಲಕ್ಕೆ ಮುಂಚೆ ಸುಮಾರು 280 ಇತ್ತು. ಅಲ್ಲಿಯ ತಿಂಗಳವಾರು ಅಂಕಿಗಳನ್ನು ಮಕ್ಕಳ ಕೈಯಲ್ಲೇ ಗ್ರಾಫ್ ಹಾಳೆಯ ಮೇಲೆ ಬರೆಸು. ಗೆರೆ ಗರಗಸದ ಹಲ್ಲಿನ ಹಾಗೆ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಉತ್ತರ ಗೋಳಾರ್ಧದ ಗಿಡಮರಗಳು ಚಿಗುರಿ ಬೆಳೆಯುವಾಗ ಅನಿಲವನ್ನು ಎಳೆದುಕೊಳ್ಳುತ್ತವೆ, ಎಲೆ ಉದುರಿ ಕೊಳೆಯುವಾಗ ಬಿಡುತ್ತವೆ. ಇಡೀ ಭೂಮಿ ಉಸಿರಾಡುವುದನ್ನು ತಾವೇ ಬಿಡಿಸಿದ್ದೇವೆ ಅಂತ ಗೊತ್ತಾದಾಗ ಅವರ ಮುಖ ನೋಡಬೇಕು ನೀನು!

ಇನ್ನೊಂದು. ಓಜೋನ್ ಪದರದ ತೂತಿನಿಂದ ಬಿಸಿಲು ಒಳಗೆ ಬಂದು ಭೂಮಿ ಕಾಯುತ್ತಿದೆ ಅಂತ ಬಹಳ ಮಕ್ಕಳು ನಂಬಿರುತ್ತಾರೆ, ದೊಡ್ಡವರೂ. ಅದು ಬೇರೆ ಸಮಸ್ಯೆ. ಅದನ್ನು ಬಿಡಿಸಿ ಹೇಳುವಾಗ 1987ರ ಮಾಂಟ್ರಿಯಲ್ ಒಪ್ಪಂದದ ಕಥೆಯನ್ನೂ ಹೇಳು. ದೇಶಗಳೆಲ್ಲ ಸೇರಿ ಆ ಪದರವನ್ನು ಹಾಳು ಮಾಡುತ್ತಿದ್ದ ರಾಸಾಯನಿಕಗಳನ್ನು ಕೈಬಿಟ್ಟವು, ಪದರ ಈಗ ನಿಧಾನಕ್ಕೆ ಚೇತರಿಸಿಕೊಳ್ಳುತ್ತಿದೆ. ಮನುಷ್ಯರು ಒಟ್ಟಾಗಿ ಒಂದು ದೊಡ್ಡ ತಪ್ಪನ್ನು ತಿದ್ದಿಕೊಂಡಿದ್ದಾರೆ ಅಂತ ಮಕ್ಕಳಿಗೆ ತಿಳಿದಿರಲಿ.

'ನಾವು ದೊಡ್ಡವರಾಗೋ ಹೊತ್ತಿಗೆ ಏನಾಗುತ್ತೆ?' ಅಂತ ಯಾರಾದರೂ ಒಬ್ಬರು ಕೇಳುತ್ತಾರೆ. ಸುಳ್ಳು ಸಮಾಧಾನ ಹೇಳಬೇಡ. ಭೂಮಿ ಈಗಾಗಲೇ ಒಂದು ಡಿಗ್ರಿಗಿಂತ ಜಾಸ್ತಿ ಬಿಸಿಯಾಗಿದೆ, ಇನ್ನೂ ಆಗುತ್ತದೆ. ಆದರೆ ಎಷ್ಟಾಗುತ್ತದೆ ಅನ್ನುವುದು ಇನ್ನೂ ನಮ್ಮ ಕೈಯಲ್ಲಿದೆ. ತಡೆದ ಒಂದೊಂದು ಚೂರು ಡಿಗ್ರಿಗೂ ಬೆಲೆ ಇದೆ. 2010ರಿಂದ ಹತ್ತೇ ವರ್ಷದಲ್ಲಿ ಸೌರ ವಿದ್ಯುತ್ತಿನ ಖರ್ಚು ಶೇ 80ಕ್ಕಿಂತ ಹೆಚ್ಚು ಇಳಿದಿದ್ದನ್ನೂ ಹೇಳು. ಮತ್ತೆ, ಇದು ನಿಮ್ಮ ತಪ್ಪಲ್ಲ ಅಂತ ಬಾಯಿಬಿಟ್ಟು ಹೇಳು ಅಕ್ಕ. ಹನ್ನೆರಡು ವರ್ಷದ ಮಗು ಲೈಟ್ ಆರಿಸುವುದನ್ನು ಮರೆತು ಭೂಮಿ ಬಿಸಿಯಾಗಿಲ್ಲ. ವಿದ್ಯುತ್ ಸ್ಥಾವರ, ಕಾರ್ಖಾನೆ, ರಸ್ತೆ ಎಲ್ಲವನ್ನೂ ತೀರ್ಮಾನ ಮಾಡುವವರು ದೊಡ್ಡವರು. ಆ ಭಾರ ಮಕ್ಕಳ ಹೆಗಲಿಗೆ ಹಾಕಿದರೆ ಅನ್ಯಾಯ.

ಮೌನಾ ಲೋವಾದ ತಿಂಗಳವಾರು ಅಂಕಿಗಳನ್ನು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆಗೇ ಇಟ್ಟಿದ್ದೇನೆ. ಪಾಠ ಆದ ಮೇಲೆ ನಿನ್ನ ಮಕ್ಕಳು ಕೇಳಿದ ಪ್ರಶ್ನೆಗಳನ್ನು ಅವರ ಮಾತಲ್ಲೇ ಬರೆದು ಕಳಿಸು. ಇಲ್ಲಿಯ ಮಕ್ಕಳಿಗೆ ಓದಿ ಹೇಳುತ್ತೇನೆ, ಅವರೂ ಉತ್ತರ ಬರೆಯುತ್ತಾರೆ.

ಅಪ್ಪ ಅಮ್ಮನಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ ತಮ್ಮ