ಅಪ್ಪ ಅಮ್ಮನ ಜೊತೆ ಫೋರ್ಟ್‌ನಲ್ಲಿ ಒಂದು ದಿನ

ಮಾಟುಂಗಾ, ಮುಂಬಯಿ

ಚಿ. ಪುಟ್ಟಿಗೆ ಅತ್ತೆಯ ಆಶೀರ್ವಾದಗಳು.

ನೀನು ವಾಟ್ಸಾಪಿನಲ್ಲಿ ಕಳಿಸಿದ ಪಟ್ಟಿ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆಯುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಸಿದ್ಧಿವಿನಾಯಕ, ಹಾಜಿ ಅಲಿ, ಎಲಿಫೆಂಟಾ, ಗೇಟ್‌ವೇ, ಮರೀನ್ ಡ್ರೈವ್, ರಾತ್ರಿ ಜುಹು. ಎಲ್ಲ ಒಂದೇ ದಿನಕ್ಕೆ! ಕೆಲಸ ಸಿಕ್ಕ ಮೇಲೆ ಮೊದಲ ಸಲ ಅಪ್ಪ ಅಮ್ಮ ಬರುತ್ತಿದ್ದಾರೆ, ಏನನ್ನೂ ಬಿಡಬಾರದು ಅಂತ ನಿನಗೆ ಆಸೆ. ಆದರೆ ಮಗಾ, ಆ ಪಟ್ಟಿಯಲ್ಲಿ ಮುಂಬಯಿ ಇದೆ, ಅಪ್ಪ ಅಮ್ಮ ಎಲ್ಲೂ ಕಾಣಲಿಲ್ಲ. ಅಣ್ಣನಿಗೆ ಏನು ಇಷ್ಟ, ಅತ್ತಿಗೆಯ ಮಂಡಿ ಎಷ್ಟು ಹೊತ್ತು ತಡೆಯುತ್ತದೆ, ಅಲ್ಲಿಂದ ಶುರು ಮಾಡು.

ಮೊದಲು ಎಲಿಫೆಂಟಾ ತೆಗೆದುಹಾಕು. ಗೇಟ್‌ವೇಯಿಂದ ದೋಣಿಯಲ್ಲಿ ಹೆಚ್ಚುಕಡಿಮೆ ಒಂದು ಗಂಟೆ, ಇಳಿದ ಮೇಲೆ ನೂರಕ್ಕೂ ಜಾಸ್ತಿ ಮೆಟ್ಟಿಲು. ಅಲ್ಲಿಗೇ ದಿನ ಮುಗಿಯುತ್ತದೆ. ಜುಹುವೂ ಬೇಡ, ಕುಂದಾಪುರದವರಿಗೆ ಮರಳು ತೋರಿಸಲು ಅಷ್ಟು ದೂರ ಯಾಕೆ? ಒಂದೇ ಕಡೆ, ಫೋರ್ಟ್ ಏರಿಯಾ ಹಿಡಿದುಕೋ. ವಿ.ಟಿ. ಸ್ಟೇಷನ್ನಿನಿಂದ (ಈಗ ಸಿ.ಎಸ್.ಎಂ.ಟಿ. ಅನ್ನುತ್ತಾರೆ) ಮರೀನ್ ಡ್ರೈವ್‌ವರೆಗೆ, ಅಷ್ಟೇ.

ಅವರು ಮತ್ಸ್ಯಗಂಧ ರೈಲಿನಲ್ಲಿ ಬಂದು ಠಾಣೆಯಲ್ಲಿ ಇಳಿದ ದಿನವೇ ಹೊರಡಿಸಬೇಡ. ಒಂದು ದಿನ ಮಲಗಿ ಎದ್ದು, ಶನಿವಾರ ಹೋಗಿ. ಭಾನುವಾರ ಸೆಂಟ್ರಲ್ ಲೈನಿನಲ್ಲಿ ಹಳಿ ರಿಪೇರಿಗೆ ಗಾಡಿ ನಿಲ್ಲಿಸುವ ಮೆಗಾಬ್ಲಾಕ್ ಕಾಟ. ಫೋರ್ಟ್‌ನ ಎಷ್ಟೋ ಹೋಟೆಲುಗಳು ಆಫೀಸಿನವರನ್ನೇ ನಂಬಿಕೊಂಡಿರುವುದರಿಂದ ಅವತ್ತು ಬಾಗಿಲು ಹಾಕಿರುತ್ತವೆ. ಫಾಸ್ಟ್ ಲೋಕಲ್‌ಗೆ ಆಸೆಪಡಬೇಡ. ಠಾಣೆಯಿಂದಲೇ ಹೊರಡುವ ಸ್ಲೋ ಲೋಕಲ್ ಹತ್ತಿದರೆ ಮೂವರಿಗೂ ಸೀಟು ಸಿಗುತ್ತದೆ. ಬೆಳಗಿನ ಗದ್ದಲ ಇಳಿದ ಮೇಲೆ, ಹತ್ತೂವರೆ ಹೊತ್ತಿಗೆ ಹೊರಟರೆ ಸಾಕು.

ಇಳಿದ ಕೂಡಲೇ ಗೇಟ್‌ವೇಗೆ ಓಡಬೇಡ. ಮೊದಲು ಅಪ್ಪನನ್ನು ಪಕ್ಕದ ಜಿ.ಪಿ.ಒ.ಗೆ ಕರೆದುಕೊಂಡು ಹೋಗು. ಅಂಚೆ ಇಲಾಖೆಯಲ್ಲಿ ಜೀವಮಾನ ಕಳೆದವನು ಅಣ್ಣ. ಮುಂಬಯಿಯ ದೊಡ್ಡ ಪೋಸ್ಟಾಫೀಸನ್ನು ಅವನಿಗೆ ತೋರಿಸದಿದ್ದರೆ ಹೇಗೆ? ಜಾನ್ ಬೆಗ್ ಅನ್ನುವವರು ನಕ್ಷೆ ಮಾಡಿ, 1913ರಲ್ಲಿ ಮುಗಿದ ಕಟ್ಟಡ ಅದು. ಅದರ ಗುಮ್ಮಟಕ್ಕೆ ಮಾದರಿ ನಮ್ಮ ವಿಜಾಪುರದ ಗೋಳಗುಮ್ಮಟ. ಒಳಗೆ ಹೋಗಿ, ಗುಮ್ಮಟದ ಕೆಳಗಿನ ಹಾಲ್‌ನಲ್ಲಿ ನಿಂತು ತಲೆ ಎತ್ತಿ ನೋಡಲಿ. ಕೌಂಟರಿನವರ ಜೊತೆ ನಾಲ್ಕು ಮಾತಾಡಲಿ. ಒಂದು ಪೋಸ್ಟ್ ಕಾರ್ಡ್ ತೆಗೆದುಕೊಂಡು ಊರಿನ ಮನೆ ವಿಳಾಸಕ್ಕೇ ಬರೆದು ಹಾಕಲಿ. ಅರ್ಧ ಗಂಟೆ ಆಗಲಿ, ಮುಕ್ಕಾಲು ಗಂಟೆಯೇ ಆಗಲಿ, ನೀನು ಗಡಿಯಾರ ನೋಡಬೇಡ. ನನ್ನ ಲೆಕ್ಕದಲ್ಲಿ ಇಡೀ ದಿನದ ಮುಖ್ಯ ಜಾಗ ಅದೇ.

ಆಮೇಲೆ ವಿ.ಟಿ.ಯನ್ನೇ ಹೊರಗಿನಿಂದ ನೋಡಿ. ಸ್ಟೀವನ್ಸ್ ಅನ್ನುವವರು ನಕ್ಷೆ ಮಾಡಿದ್ದು, 1878ರಲ್ಲಿ ಶುರುವಾಗಿ ಹತ್ತು ವರ್ಷ ಹಿಡಿಯಿತು. ಗೇಟಿನ ಒಂದು ಕಂಬದ ಮೇಲೆ ಸಿಂಹ, ಇನ್ನೊಂದರ ಮೇಲೆ ಹುಲಿ. ಸಿಂಹ ಇಂಗ್ಲೆಂಡಿಗೆ, ಹುಲಿ ನಮಗೆ. ಗೋಡೆಯ ಕೆತ್ತನೆಯಲ್ಲಿ ನವಿಲು, ಕೋತಿ ಹುಡುಕುತ್ತಾ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ. ಪೂರ್ತಿ ಕಾಣಬೇಕಾದರೆ ಎದುರಿನ ಮಹಾನಗರ ಪಾಲಿಕೆ ಕಟ್ಟಡದ ಬದಿಗೆ ಹೋಗಬೇಕು. ಸಬ್‌ವೇಯಲ್ಲಿ ಮೆಟ್ಟಿಲು ಇಳಿದು ಹತ್ತಬೇಕು, ಅತ್ತಿಗೆಯನ್ನು ಎರಡೆರಡು ಸಲ ದಾಟಿಸಬೇಡ.

ಊಟಕ್ಕೆ ಹನ್ನೆರಡೂವರೆಗೆ ಕೂತುಬಿಡಿ. ಒಂದು ಗಂಟೆ ಆಯಿತೆಂದರೆ ಫೋರ್ಟ್‌ನಲ್ಲಿ ಜಾಗ ಸಿಗುವುದು ಕಷ್ಟ. ಮಹೇಶ್ ಲಂಚ್ ಹೋಮ್, ಅಪೂರ್ವ, ಯಾವುದಾದರೂ ಆದೀತು. ನಮ್ಮ ಕಡೆಯ ಗಸಿ, ನೀರ್ ದೋಸೆ ಸಿಗುತ್ತದೆ. ಏಡಿ, ಮಾಂಜಿ ಮೀನಿಗೆ ಸೈಜ್ ನೋಡಿ ರೇಟು ಹಾಕುತ್ತಾರೆ, ಆರ್ಡರ್ ಕೊಡುವ ಮೊದಲೇ ಕೇಳು. ಮೆನು ಕಾರ್ಡನ್ನು ಅಪ್ಪನ ಕೈಗೆ ಕೊಡಬೇಡ. ಬಲಬದಿಯ ಅಂಕಿ ಕಂಡರೆ ಅವನು ಅನ್ನ ಸಾರು ಸಾಕು ಅಂದುಬಿಡುತ್ತಾನೆ. ನೀನೇ ಅಂಜಲ್ ಫ್ರೈ ಹೇಳು.

ಊಟ ಆದ ಮೇಲೆ ಬಿಸಿಲು. ಆಗ ಟ್ಯಾಕ್ಸಿ ಹಿಡಿದು ಮ್ಯೂಸಿಯಮ್ಮಿಗೆ, ಅಂದರೆ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯಕ್ಕೆ ಹೋಗಿ. (ಆ ಕಡೆ ರಿಕ್ಷಾ ಓಡುವುದಿಲ್ಲ, ಗೊತ್ತಲ್ವಾ? ಮೀಟರ್ ಹಾಕಿಸಿಯೇ ಕೂರಿ.) ಎಲ್ಲ ನೋಡಲು ಹೋಗಬೇಡಿ, ಯಾರಿಗೂ ಆಗುವುದಿಲ್ಲ. ಅತ್ತಿಗೆಗೆ ಸೀರೆ ಅಂದರೆ ಪ್ರಾಣ, ಹಳೆಯ ಬಟ್ಟೆ ನೇಯ್ಗೆಯ ಗ್ಯಾಲರಿಗೆ ನೇರ ಕರೆದುಕೊಂಡು ಹೋಗು. ಅಸ್ಸೀರಿಯಾದ ಅರಮನೆಯಿಂದ ಬಂದ ಕೆತ್ತನೆಯ ಕಲ್ಲುಗಳೂ ಇವೆ, ಅವನ್ನು ಬಿಡಬೇಡ. ಸುಸ್ತಾದರೆ ಹೊರಗೆ ಮರದ ನೆರಳಲ್ಲಿ ಕೂರಲಿ. ಹೊರಡುವ ಮೊದಲು ಎಲ್ಲರೂ ಅಲ್ಲೇ ಬಾತ್‌ರೂಮಿಗೆ ಹೋಗಿ ಬನ್ನಿ. ಹೆಂಗಸರು ದಿನವಿಡೀ ನೀರು ಕುಡಿಯದೆ ತಿರುಗುವುದು ಇದಕ್ಕೇ ಅಲ್ವಾ? ಅಮ್ಮ ಬಾಯಿಬಿಟ್ಟು ಹೇಳುವುದಿಲ್ಲ, ನೀನೇ ಕೇಳಬೇಕು.

ಗೇಟ್‌ವೇ ಅಲ್ಲಿಂದ ಹತ್ತಿರ. ಅದನ್ನು ಮಾತ್ರ ಪಟ್ಟಿಯಲ್ಲೇ ಇಡು. ಊರಿಗೆ ಹೋದರೆ ಎಲ್ಲರೂ ಮೊದಲು ಕೇಳುವುದು ಅದನ್ನೇ. ಹೋಗಿ, ಒಂದು ಫೋಟೋ ತೆಗೆದುಕೊಂಡು, ನಾಲ್ಕೂವರೆ ಒಳಗೆ ಹೊರಟುಬಿಡಿ.

ಯಾಕೆಂದರೆ ಡಿಸೆಂಬರಿನಲ್ಲಿ ಸೂರ್ಯ ಆರು ಗಂಟೆ ಹೊತ್ತಿಗೇ ಮುಳುಗುತ್ತಾನೆ. ಓವಲ್ ಮೈದಾನದ ನಡುವಿನ ದಾರಿಯಲ್ಲಿ ನಿಧಾನ ನಡೆಯಿರಿ. ಎರಡೂ ಕಡೆ ಹುಡುಗರ ಕ್ರಿಕೆಟ್ ನಡೆದಿರುತ್ತದೆ. ಒಂದು ಬದಿಗೆ ಹೈಕೋರ್ಟು, ಯೂನಿವರ್ಸಿಟಿ, ರಾಜಾಬಾಯಿ ಟವರ್. ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್ ಕೊಟ್ಟ ದುಡ್ಡಿನಲ್ಲಿ ಎದ್ದ ಆ ಗಡಿಯಾರದ ಗೋಪುರಕ್ಕೆ ಅವರ ತಾಯಿಯ ಹೆಸರಿಟ್ಟರು. ಇದನ್ನು ಅಮ್ಮನಿಗೆ ಹೇಳು. ಇನ್ನೊಂದು ಬದಿಗೆ 1930ರ ಕಾಲದ ದುಂಡು ಬಾಲ್ಕನಿಯ ಮನೆಗಳು. ಎರಡನ್ನೂ ಸೇರಿಸಿ ಯುನೆಸ್ಕೊ 2018ರಲ್ಲಿ ವಿಶ್ವ ಪರಂಪರೆಯ ತಾಣ ಅಂತ ಘೋಷಿಸಿತು.

ಚರ್ಚ್‌ಗೇಟ್‌ನಲ್ಲಿ ಕೆ. ರುಸ್ತುಂ ಅಂಗಡಿ ಇದೆ. ಎರಡು ತೆಳು ವೇಫರ್ ನಡುವೆ ಐಸ್‌ಕ್ರೀಮಿನ ದಪ್ಪ ತುಂಡು ಇಟ್ಟು ಕೊಡುತ್ತಾರೆ. ಇದರ ದುಡ್ಡು ಮಾತ್ರ ಅಪ್ಪ ಕೊಡಲಿ. ಎಲ್ಲದಕ್ಕೂ ನೀನೇ ಪರ್ಸ್ ತೆಗೆದರೆ ಅವನಿಗೆ ನೆಂಟನ ಹಾಗೆ ಅನಿಸುತ್ತದೆ. ಮಗಳಿಗೆ ಐಸ್‌ಕ್ರೀಮ್ ಕೊಡಿಸುವ ಖುಷಿ ಅವನಿಗೆ ಇರಲಿ.

ಐದೂವರೆಗೆ ಮರೀನ್ ಡ್ರೈವ್ ಸೇರಿ. ಚಳಿಗಾಲದಲ್ಲಿ ಸೂರ್ಯ ಮಲಬಾರ್ ಹಿಲ್ ಹಿಂದೆ ಹೋಗುವುದಿಲ್ಲ, ಬಯಲು ಸಮುದ್ರದಲ್ಲೇ ಇಳಿಯುತ್ತಾನೆ. ನಮ್ಮೂರಿನವರಿಗೆ ಅದು ಹೊಸದೇನಲ್ಲ ಅನ್ನು. ಅದಕ್ಕೇ ಮುಳುಗಿದ ಕೂಡಲೇ ಎದ್ದು ಬರಬೇಡಿ. ಆಮೇಲೆ ಆ ಬಾಗಿದ ರಸ್ತೆಯುದ್ದಕ್ಕೂ ದೀಪ ಹೊತ್ತಿಕೊಳ್ಳುತ್ತದೆ, ಅದು ಕುಂದಾಪುರದಲ್ಲಿಲ್ಲ. ಕಟ್ಟೆಗೆ ಒರಗಲು ಏನೂ ಇರುವುದಿಲ್ಲ, ಅಮ್ಮನ ಪಕ್ಕ ನೀನು ಹತ್ತಿ ಕೂತುಕೋ. ಮೊಬೈಲ್ ಬ್ಯಾಗಿನಲ್ಲಿ ಇರಲಿ. ಅಪ್ಪ ತಾನಾಗಿ ಮಾತು ತೆಗೆಯುವುದು ಇಂಥ ಹೊತ್ತಿನಲ್ಲೇ.

ಎಂಟು ದಾಟಿದ ಮೇಲೆ ಟ್ಯಾಕ್ಸಿಯಲ್ಲಿ ವಿ.ಟಿ.ಗೆ ಬಂದು, ಅಲ್ಲಿಂದಲೇ ಹೊರಡುವ ಗಾಡಿಯಲ್ಲಿ ಕೂರಿ. ಅದಕ್ಕಿಂತ ಮುಂಚೆ ಬಂದರೆ ನಿಲ್ಲಲೂ ಜಾಗ ಇರುವುದಿಲ್ಲ. ಅಪ್ಪನ ರಾತ್ರಿ ಬಿ.ಪಿ. ಮಾತ್ರೆ ನಿನ್ನ ಬ್ಯಾಗಿನಲ್ಲೇ ಇಟ್ಟುಕೊಂಡಿರು.

ಸಿದ್ಧಿವಿನಾಯಕಕ್ಕೆ ನಾನೇ ಇನ್ನೊಂದು ಬೆಳಿಗ್ಗೆ ಕರೆದುಕೊಂಡು ಹೋಗುತ್ತೇನೆ. ಮಾರನೇ ದಿನ ಭಾನುವಾರ ಎಲ್ಲರೂ ನಮ್ಮ ಮನೆಗೆ ಊಟಕ್ಕೆ ಬನ್ನಿ. ಬ್ಲಾಕ್ ಎಷ್ಟು ಗಂಟೆಗೆ ಅಂತ ಮೊದಲೇ ನೋಡಿಕೊಂಡು, ಅದಕ್ಕೆ ಮುಂಚೆ ಹೊರಡಿ. ಅತ್ತಿಗೆಗೆ ಕುಚ್ಚಲಕ್ಕಿ ಹೊತ್ತು ತರಬೇಡ ಅಂತ ಹೇಳು, ಮಾಟುಂಗಾ ಮಾರ್ಕೆಟಿನಲ್ಲಿ ಸಿಗುತ್ತದೆ.

ಇಂತಿ,
ನಿನ್ನ ಅತ್ತೆ