ಸೇಬಿನ ಸುಗ್ಗಿ, ಮತ್ತೆ ಅಪ್ಪನ ಕಾಲು

ನಾಟಿಂಗ್‌ಹ್ಯಾಮ್, ಇಂಗ್ಲೆಂಡ್
ಅಕ್ಟೋಬರ್, ಭಾನುವಾರ

ಅಮ್ಮನಿಗೆ, ಅಪ್ಪನಿಗೆ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಇದನ್ನು ಮಂಜನ ಫೋನಿಗೆ ಕಳಿಸುತ್ತಿದ್ದೇನೆ. ಅವನು ಗಟ್ಟಿಯಾಗಿ ಓದಲಿ, ಅಪ್ಪನೂ ಅಲ್ಲೇ ಕೂತು ಕೇಳಲಿ. ಫೋನ್ ಮಾಡಿದರೆ ಅಪ್ಪ "ಏನೂ ಇಲ್ಲ ಕಣಮ್ಮ" ಅಂತ ನಿನ್ನ ಕೈಗೆ ಕೊಟ್ಟುಬಿಡುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಸೇಬಿನ ವಿಷಯ, ನೀನು ಕೇಳಿದ್ದೆಯಲ್ಲ. ಈ ಸಲ ಹಿತ್ತಲ ಮರ ಕೊಂಬೆ ನೆಲಕ್ಕೆ ತಾಗುವಷ್ಟು ಬಿಟ್ಟಿದೆ. ಮಂಡ್ಯ ಪೇಟೆಯ ಕೆಂಪು ಸೇಬು ಅಂದುಕೊಳ್ಳಬೇಡ. ಇದು ಬ್ರಾಮ್ಲಿ. ಹಸಿರು ಬಣ್ಣ, ಅಂಗೈ ತುಂಬುವಷ್ಟು ದಪ್ಪ, ಹಲ್ಲು ಚುಳ್ ಅನ್ನುವಷ್ಟು ಹುಳಿ. ಹಾಗೇ ತಿನ್ನುವುದಿಲ್ಲ, ಬೇಯಿಸಿಯೇ ತಿನ್ನುವುದು. ಈ ತಳಿ ಹುಟ್ಟಿದ್ದು ನಮ್ಮ ಪಕ್ಕದ ಸೌತ್‌ವೆಲ್ ಊರಿನಲ್ಲಿ. 1809ರಲ್ಲಿ ಮೇರಿ ಆ್ಯನ್ ಬ್ರೈಲ್ಸ್‌ಫರ್ಡ್ ಅನ್ನೋ ಹುಡುಗಿ ಬೀಜ ಹಾಕಿ ಬೆಳೆಸಿದ ಗಿಡವಂತೆ. ಆಮೇಲೆ ಆ ಮನೆ ಕೊಂಡುಕೊಂಡ ಕಟುಕನ ಹೆಸರು ಬ್ರಾಮ್ಲಿ. ಹಣ್ಣಿಗೂ ಅವನ ಹೆಸರೇ ನಿಂತಿತು. ಬೀಜ ಹಾಕಿದವಳ ಹೆಸರು ಯಾರ ಬಾಯಲ್ಲೂ ಇಲ್ಲ. ನನಗಂತೂ ಇದು ಅನ್ಯಾಯ ಅನ್ನಿಸುತ್ತದೆ. ಅಪ್ಪ, ನಿಮಗೆ ಇಷ್ಟವಾಗುವ ಮಾತು ಒಂದಿದೆ. ಸೇಬಿನ ಬೀಜ ಹಾಕಿದರೆ ಅದೇ ಜಾತಿ ಬರುವುದಿಲ್ಲ. ಹಾಗಾಗಿ ನಮ್ಮ ಮರವೂ ಸೇರಿ ಬ್ರಾಮ್ಲಿ ಮರಗಳೆಲ್ಲ ಅದೊಂದೇ ಗಿಡದ ಕಸಿಯಿಂದ ಬಂದವು.

ಕಾಯಿಯನ್ನು ಎಳೆದು ಕೀಳಬಾರದು. ಕೆಳಗಿನಿಂದ ಹಿಡಿದು ಮೆಲ್ಲಗೆ ಎತ್ತಿ ತಿರುಗಿಸಬೇಕು. ಬಲಿತಿದ್ದರೆ ತೊಟ್ಟಿನ ಸಮೇತ ಕೈಗೆ ಬರುತ್ತದೆ. ಪೆಟ್ಟು ಬೀಳದ್ದನ್ನು ಆರಿಸಿ, ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಒಂದಕ್ಕೊಂದು ತಾಗದ ಹಾಗೆ ಗ್ಯಾರೇಜಿನಲ್ಲಿ ಇಟ್ಟಿದ್ದೇವೆ. ತಣ್ಣಗಿರುವ ಕಡೆ ಚಳಿಗಾಲ ಪೂರ್ತಿ ಬರುತ್ತವೆ. ಬಿದ್ದವನ್ನು ಮಾತ್ರ ಆಗಿಂದಾಗ ಖರ್ಚು ಮಾಡಬೇಕು. ಇಲ್ಲಿನವರು ಜಾಸ್ತಿಯಾದದ್ದನ್ನು ಗೇಟಿನ ಹೊರಗೆ ಡಬ್ಬದಲ್ಲಿ ಇಟ್ಟು "ಬೇಕಾದವರು ಒಯ್ಯಿರಿ" ಅಂತ ಚೀಟಿ ಅಂಟಿಸುತ್ತಾರೆ. ನಾವೂ ಇಟ್ಟೆವು. ಕತ್ತಲಾಗುವಷ್ಟರಲ್ಲಿ ಖಾಲಿ!

ಉಳಿದದ್ದಕ್ಕೆ ನಿನ್ನ ಅಡುಗೆಯೇ ಗತಿ ಅಮ್ಮ. ಮಾವಿನಕಾಯಿ ತುರಿದ ಹಾಗೆ ತುರಿದು ಚಿತ್ರಾನ್ನ ಮಾಡಿದೆ, ಚೆನ್ನಾಗಿತ್ತು. ತೊಕ್ಕು ಅದಕ್ಕಿಂತ ಚೆನ್ನಾಗಿ ಬಂತು. ಎಣ್ಣೆಗೆ ಸಾಸಿವೆ, ಇಂಗು, ಬ್ಯಾಡಗಿ ಪುಡಿ, ಹುರಿದ ಮೆಂತ್ಯದ ಪುಡಿ. ಬ್ರಾಮ್ಲಿ ಬಿಸಿ ತಾಗಿದ ಕೂಡಲೇ ನೊರೆ ನೊರೆಯಾಗಿ ಕರಗಿಹೋಗುತ್ತದೆ. ಅದು ಎಣ್ಣೆ ಬಿಡುವ ತನಕ ಕೈಯಾಡಿಸಿ, ಕೊನೆಗೆ ನೀನು ಕಳಿಸಿದ ಆಲೆಮನೆ ಬೆಲ್ಲ ಹಾಕಿದೆ. ಇವರ ಆಫೀಸಿನವರು ಅದನ್ನು ಚೀಸಿನ ಜೊತೆ ತಿಂದು ಬಾಟಲಿ ಕೇಳಿ ಒಯ್ದರು. ಮಕ್ಕಳಿಗೆ ಇಲ್ಲಿನ ಕ್ರಂಬಲ್ ಇಷ್ಟ. ಸೇಬಿನ ಮೇಲೆ ಹಿಟ್ಟು, ಬೆಣ್ಣೆ, ಸಕ್ಕರೆ ಉಜ್ಜಿ ಉದುರಿಸಿ ಓವನ್ನಿನಲ್ಲಿ ಸುಡುವುದು, ಅಷ್ಟೇ.

ಬೆಲ್ಲ ಅಂದ ಮೇಲೆ ಅಪ್ಪನ ಸಕ್ಕರೆ ಕಾಯಿಲೆಯ ವಿಷಯಕ್ಕೆ ಬರುತ್ತೇನೆ. "ಸಕ್ಕರೆ ಬಿಟ್ಟಿದ್ದಾರೆ, ಬೆಲ್ಲದ ಕಾಫಿ ಮಾತ್ರ" ಅಂತ ನೀನು ಹೇಳಿದೆ. ಅಮ್ಮ, ಬೆಲ್ಲವೂ ರಕ್ತದಲ್ಲಿ ಸಕ್ಕರೆ ಏರಿಸುತ್ತದೆ. ನಮ್ಮೂರ ಬೆಲ್ಲವಾದರೂ ಅಷ್ಟೇ. ಸೇಬು ತಿನ್ನಲಿ, ಸಿಪ್ಪೆ ಸಮೇತ ಒಂದು. ಜ್ಯೂಸ್ ಬೇಡ.

ನನಗೆ ಭಯ ಆಗಿದ್ದು ನಿನ್ನ ಇನ್ನೊಂದು ಮಾತಿಗೆ. "ಹೆಬ್ಬೆರಳ ಹತ್ತಿರ ಗಾಯ, ಆದರೆ ನೋವೇ ಇಲ್ಲವಂತೆ, ಅರಿಶಿನ ಹಚ್ಚಿದ್ದೇನೆ." ನೋವಿಲ್ಲ ಅನ್ನೋದೇ ಕೆಟ್ಟದ್ದಮ್ಮ! ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದರೆ ಪಾದದ ನರ ಸತ್ತು ಸ್ಪರ್ಶವೇ ತಿಳಿಯದ ಹಾಗೆ ಆಗುತ್ತದೆ. ಇಲ್ಲಿ ಸಕ್ಕರೆ ಕಾಯಿಲೆಯವರಿಗೆ ವರ್ಷಕ್ಕೊಮ್ಮೆ ಪಾದ ನೋಡುತ್ತಾರೆ. ಕಣ್ಣು ಮುಚ್ಚಿಸಿ, ತೆಳ್ಳನೆ ನೈಲಾನ್ ಎಳೆಯನ್ನು ಅಂಗಾಲಿಗೆ ಒತ್ತಿ "ಗೊತ್ತಾಯ್ತಾ?" ಅಂತ ಕೇಳುತ್ತಾರೆ. ಪಕ್ಕದ ಮನೆಯ ಅಜ್ಜನಿಗೆ ಹಾಗೆ ನೋಡಿದ್ದರಿಂದಲೇ ಕಾಲಿನ ಹುಣ್ಣು ಬೇಗ ಗೊತ್ತಾಯಿತು. ಈಗ ಅವರು ಆರಾಮಾಗಿ ಓಡಾಡುತ್ತಾರೆ.

ಮಂಜ, ನಾಳೆಯೇ ಅಪ್ಪನನ್ನು ಮೈಸೂರಿಗೆ ಕರೆದುಕೊಂಡು ಹೋಗು. ಗಾಯ ತೋರಿಸು, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತ ಪರೀಕ್ಷೆಯನ್ನೂ ಮಾಡಿಸು. ಹಣ ನಿನ್ನ ಖಾತೆಗೆ ಹಾಕಿದ್ದೇನೆ. ಕಬ್ಬಿನ ದುಡ್ಡು ಬರಲಿ ಅಂತ ಯಾರೂ ಕಾಯಬೇಡಿ. ಅಪ್ಪ, ಗಾಯ ಮಾಯುವ ತನಕ ಗದ್ದೆಯ ಕೆಸರಿಗೆ ಇಳಿಯಬೇಡಿ. ನಾಲೆ ನೀರು ಕಟ್ಟೋದಕ್ಕೆ ಮಂಜ ಇದ್ದಾನಲ್ಲ. ಮನೆಯೊಳಗೂ ಚಪ್ಪಲಿ ಹಾಕಿ. ದೇವರ ಮನೆಗೆ ಬೇಡ, ಬೇರೆ ಕಡೆಯೆಲ್ಲ ಹಾಕಿ. ಕಾಲಿಗೆ ಬಿಸಿನೀರು ಹಾಕುವ ಮುಂಚೆ ಅಮ್ಮ ಕೈಯಲ್ಲಿ ಮುಟ್ಟಿ ನೋಡಲಿ. ರಾತ್ರಿ ಮಲಗುವ ಮುಂಚೆ ಅಂಗಾಲು, ಬೆರಳ ಸಂದು ಅವಳೇ ಟಾರ್ಚ್ ಹಾಕಿ ನೋಡಲಿ.

ಗಾಬರಿ ಏನೂ ಬೇಡ. ಬೇಗ ತೋರಿಸಿದಷ್ಟೂ ವಾಸಿಯಾಗುವ ಸಾಧ್ಯತೆ ಹೆಚ್ಚು. ನಾನು ಧೈರ್ಯವಾಗಿದ್ದೇನೆ. ಹೊತ್ತಿಗೆ ಊಟ ಮಾಡುತ್ತಿದ್ದೇನೆ, ಚಳಿಗೆ ಸ್ವೆಟರ್ ಇದೆ, ಕೆಮ್ಮು ಹೋಗಿದೆ. ಡಾಕ್ಟರು ಬಾ ಅಂದರೆ ಆ ವಾರವೇ ಹೊರಟು ಬರುತ್ತೇನೆ, ಇವರೂ ಒಪ್ಪಿದ್ದಾರೆ.

ಸಾವಿತ್ರತ್ತೆಗೆ, ಪುಟ್ಟಿಗೆ ಕೇಳಿದೆ ಅಂತ ಹೇಳಿ. ತೊಕ್ಕು ಒಲೆ ಮೇಲಿದೆ, ತಳ ಹಿಡಿಯುತ್ತದೆ. ಮಂಜ, ಆಸ್ಪತ್ರೆಯಿಂದಲೇ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ನಿಮ್ಮ,
ಶಾಂತಿ